ಎರಡು ಭುಜ, ಒಂದು ಕ್ಷಣ

(ಕುಶಾಲನಗರದಲ್ಲಿ ಶಾಲಾ ಮಕ್ಕಳು, ಪೋಷಕರು ಮತ್ತು ದೈಹಿಕ ಶಿಕ್ಷಕರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೊಡಗಿನಲ್ಲಿ ಹಾಕಿಯ ನಿಯಮವನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪೆನಾಲ್ಟಿ ಕಾರ್ನರ್ ಯಾಕೆ ಸಿಕ್ಕಿತು, ಗ್ರೀನ್ ಕಾರ್ಡ್ ಯಾಕೆ ತೋರಿಸಿದರು ಅಂತ ಗ್ಯಾಲರಿಯಲ್ಲಿ ಕೂತ ಅಜ್ಜಿಯೂ ಹೇಳುತ್ತಾರೆ. 1997ರಲ್ಲಿ ಕರಡದಲ್ಲಿ ಶುರುವಾದ ಕೌಟುಂಬಿಕ ಹಾಕಿ ಹಬ್ಬ ಆ ಆಟವನ್ನು ಮನೆಮನೆಗೂ ಮುಟ್ಟಿಸಿದೆ. ಕುಸ್ತಿಗೆ ಇಲ್ಲಿ ಆ ಭಾಗ್ಯ ಇನ್ನೂ ಬಂದಿಲ್ಲ. ಇದೇ ಊರಿನ ಸೇತುವೆ ದಾಟಿದರೆ ಮೈಸೂರು ಜಿಲ್ಲೆ. ಮೈಸೂರಿಗೆ ಹೋದರೆ ಗರಡಿ ಮನೆಗಳು, ಉಸ್ತಾದರು, ದಸರಾ ಕುಸ್ತಿ. ಹೊಳೆಯ ಈಚೆ ದಡದಲ್ಲಿ ಮಾತ್ರ ಕುಸ್ತಿ ಅಂದರೆ ಇನ್ನೂ ದೂರದ ಸುದ್ದಿ. ಅದಕ್ಕೇ ಇಲ್ಲಿ ಮಾತಾಡಲು ಕರೆದಾಗ ನನಗೆ ತುಂಬ ಖುಷಿಯಾಯಿತು.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಕುಸ್ತಿ ಎದುರಾಳಿಯನ್ನು ನೋಯಿಸದೆ ಸೋಲಿಸುವ ಆಟ. ಸಾವಿರಾರು ವರ್ಷಗಳಿಂದ ಅದು ಆ ಕಡೆಗೇ ನಡೆದು ಬಂದಿದೆ. ನಿಯಮಗಳು ಮೊದಲು ತೊಡಕು ಅನ್ನಿಸಬಹುದು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಹೆಚ್ಚಿನವು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಕುಸ್ತಿ ಅಂದ ಕೂಡಲೇ ಮಕ್ಕಳಿಗೆ ನೆನಪಾಗುವುದು ಟಿವಿಯ ಡಬ್ಲ್ಯುಡಬ್ಲ್ಯುಇ. ಕುರ್ಚಿ ಎತ್ತಿ ಹೊಡೆಯುವುದು, ಹಗ್ಗದ ಮೇಲಿಂದ ಹಾರುವುದು. ಅದು ಪ್ರದರ್ಶನ. ಯಾರು ಗೆಲ್ಲಬೇಕು ಅನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ. ನಾನು ಹೇಳುತ್ತಿರುವುದು ಹವ್ಯಾಸಿ ಕುಸ್ತಿಯ ಬಗ್ಗೆ. ಶಾಲೆ, ಕಾಲೇಜಿನಿಂದ ಹಿಡಿದು ಏಷ್ಯನ್ ಗೇಮ್ಸ್, ಒಲಿಂಪಿಕ್ಸ್ ತನಕ ನಡೆಯುವುದು ಇದು. ಇಲ್ಲಿ ಹೊಡೆಯುವಂತಿಲ್ಲ, ಒದೆಯುವಂತಿಲ್ಲ. ಹಿಡಿತ ಒಂದೇ ಆಯುಧ.

ಇದು ಎಷ್ಟು ಹಳೆಯದು ಅಂತ ಕೇಳಿದರೆ ನಾನು ಈಜಿಪ್ಟಿನಿಂದ ಶುರು ಮಾಡುತ್ತೇನೆ. ನೈಲ್ ನದಿ ದಡದ ಬೆನಿ ಹಸನ್‌ನಲ್ಲಿ ಸುಮಾರು 4000 ವರ್ಷ ಹಳೆಯ ಸಮಾಧಿಗಳಿವೆ. ಅಲ್ಲಿನ ಗೋಡೆಗಳ ಮೇಲೆ ಸಾಲುಸಾಲಾಗಿ ಕುಸ್ತಿ ಜೋಡಿಗಳ ಚಿತ್ರ. ಒಂದು ಜೋಡಿ ಸೊಂಟ ಹಿಡಿದಿದೆ, ಇನ್ನೊಂದು ಕಾಲು ಎಳೆಯುತ್ತಿದೆ, ಮತ್ತೊಂದರಲ್ಲಿ ಒಬ್ಬ ತಲೆಕೆಳಗಾಗಿದ್ದಾನೆ. ಇವತ್ತು ನಾವು ಮಕ್ಕಳಿಗೆ ಕಲಿಸುವ ಎಷ್ಟೋ ಪಟ್ಟುಗಳು ಅಲ್ಲಿವೆ. ನನಗೆ ಜಾಸ್ತಿ ಇಷ್ಟವಾಗುವುದು ಇನ್ನೊಂದು ಸಂಗತಿ. ಚಿತ್ರಕಾರ ಒಬ್ಬನಿಗೆ ಕಡು ಬಣ್ಣ, ಇನ್ನೊಬ್ಬನಿಗೆ ತಿಳಿ ಬಣ್ಣ ಹಚ್ಚಿದ್ದಾನೆ. ಯಾರ ಕೈ ಯಾರ ಕಾಲಿನ ಸುತ್ತ ಇದೆ ಅಂತ ಅದರಿಂದ ಸ್ಪಷ್ಟವಾಗುತ್ತದೆ. ಇವತ್ತು ಒಬ್ಬರಿಗೆ ಕೆಂಪು, ಇನ್ನೊಬ್ಬರಿಗೆ ನೀಲಿ ಉಡುಪು ಹಾಕಿಸುವುದೂ ಇದಕ್ಕೇ ಅಲ್ವಾ?

ಗ್ರೀಸಿನ ಹಳೆಯ ಒಲಿಂಪಿಕ್ಸ್‌ಗೆ ಕುಸ್ತಿ ಸೇರಿದ್ದು ಕ್ರಿ.ಪೂ. 708ರಲ್ಲಿ. ಎದುರಾಳಿಯನ್ನು ಮೂರು ಸಲ ಕೆಡವಿದವನು ಗೆದ್ದ. ತೂಕದ ವಿಭಾಗ ಇರಲಿಲ್ಲ. ಕ್ರೋಟನ್ ಊರಿನ ಮೈಲೋ ಆರು ಒಲಿಂಪಿಕ್ಸ್ ಗೆದ್ದ. ಮೈಲೋನ ಹೆಸರು ಎಲ್ಲರೂ ಹೇಳುತ್ತಾರೆ. ನಾನು ಲಿಯೊಂಟಿಸ್ಕಸ್ ಅನ್ನುವವನ ಹೆಸರನ್ನೂ ಸೇರಿಸುತ್ತೇನೆ. ಅವನು ಸಿಸಿಲಿಯವನು. ಅವನಿಗೆ ಎದುರಾಳಿಯನ್ನು ಕೆಡವಲು ಬರುತ್ತಿರಲಿಲ್ಲವಂತೆ. ಬೆರಳು ಹಿಡಿದು ಹಿಂದಕ್ಕೆ ಬಗ್ಗಿಸಿ, ನೋವು ತಾಳದೆ ಅವರು ಸೋಲೊಪ್ಪುವಂತೆ ಮಾಡಿ ಗೆಲ್ಲುತ್ತಿದ್ದ. ಪ್ರವಾಸಿ ಪೌಸೇನಿಯಸ್ ಇದನ್ನು ಬರೆದಿಟ್ಟಿದ್ದಾನೆ. ಇವತ್ತಿನ ನಿಯಮದಲ್ಲಿ ಬೆರಳು ತಿರುಚುವುದು ತಪ್ಪು. ಲಿಯೊಂಟಿಸ್ಕಸ್ ಈಗ ಬಂದರೆ ಒಂದು ಸುತ್ತೂ ದಾಟುವುದಿಲ್ಲ. ಅವನು ಗೆದ್ದ ದಾರಿಯನ್ನೇ ಆಟ ಮುಚ್ಚಿಬಿಟ್ಟಿದೆ.

ನಮ್ಮ ಕಡೆಗೆ ಬನ್ನಿ. ಭೀಮ, ಜರಾಸಂಧರ ಮಲ್ಲಯುದ್ಧ ನಿಮಗೆಲ್ಲ ಗೊತ್ತು. ಅದು ಸಾವಿನಲ್ಲಿ ಮುಗಿದ ಕಾಳಗ. ಆದರೆ ಕನ್ನಡ ನಾಡಿನಲ್ಲಿ ಕುಸ್ತಿಯನ್ನು ಶಾಸ್ತ್ರದ ಹಾಗೆ ಬರೆದಿಟ್ಟವರೂ ಇದ್ದರು. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮಲ್ಲರ ವಿನೋದಕ್ಕೇ ಒಂದು ಭಾಗವಿದೆ. ಮಲ್ಲರ ದರ್ಜೆ, ಊಟ, ಸಾಮು, ಪಟ್ಟು ಎಲ್ಲ ಅದರಲ್ಲಿ ಬರುತ್ತದೆ. ಅರಸನ ಎದುರು ಆಡುವ ಪಂದ್ಯಕ್ಕೂ ತಯಾರಿ, ಸಮಜೋಡಿ ಬೇಕು ಅನ್ನುವ ತಿಳಿವಳಿಕೆ ಆಗಲೇ ಇತ್ತು.

ಇನ್ನು ವಿಜಯನಗರ. ಪೋರ್ಚುಗಲ್‌ನಿಂದ ಬಂದ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ಬೆಳಗಿನ ಅಭ್ಯಾಸವನ್ನು ಬರೆದಿದ್ದಾನೆ. ಬೆಳಕು ಹರಿಯುವ ಮೊದಲೇ ರಾಯ ಎಳ್ಳೆಣ್ಣೆ ಕುಡಿಯುತ್ತಿದ್ದ. ಮೈಗೂ ಅದೇ ಎಣ್ಣೆ. ಸೊಂಟಕ್ಕೆ ಒಂದು ತುಂಡು ಬಟ್ಟೆ. ಮಣ್ಣಿನ ಭಾರಗಳನ್ನು ಎತ್ತಿ, ಕತ್ತಿ ವರಸೆ ಮಾಡಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಬಿಡುತ್ತಿರಲಿಲ್ಲ. ಆಮೇಲೆ ತನ್ನ ಮಲ್ಲರಲ್ಲಿ ಒಬ್ಬನ ಜೊತೆ ಕುಸ್ತಿ. ಸಾಮ್ರಾಜ್ಯ ಆಳುವವನು ದಿನಾ ಬೆಳಗ್ಗೆ ಇನ್ನೊಬ್ಬನ ಕೈಗೆ ತನ್ನ ಮೈ ಒಪ್ಪಿಸುತ್ತಿದ್ದ ಅಂದರೆ ಆ ಇಬ್ಬರ ನಡುವೆ ಎಷ್ಟು ನಂಬಿಕೆ ಇದ್ದಿರಬೇಕು ನೋಡಿ.

ಹಳೆಯ ಕಾಳಗದ ಒಂದು ಚೂರು ಮೈಸೂರಿನಲ್ಲಿ ಇನ್ನೂ ಉಳಿದಿದೆ. ವಿಜಯದಶಮಿಯ ದಿನ ಅರಮನೆ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿದ ಜಟ್ಟಿಗಳು, ಮುಷ್ಟಿಯಲ್ಲಿ ಮೊನಚು ಆಯುಧ. ರಕ್ತ ಕಂಡ ಕೂಡಲೇ ಕಾಳಗ ನಿಲ್ಲುತ್ತದೆ. ಅದು ಆಚರಣೆ, ಅದರ ಜಾಗ ಅದಕ್ಕೆ. ಅದೇ ಊರಿನಲ್ಲಿ, ಅದೇ ದಸರೆಯಲ್ಲಿ, ದೊಡ್ಡಕೆರೆ ಮೈದಾನದ ಕ್ರೀಡಾಂಗಣದಲ್ಲಿ ನಾಡಕುಸ್ತಿಯೂ ನಡೆಯುತ್ತದೆ, ಪಾಯಿಂಟ್ ಕುಸ್ತಿಯೂ ನಡೆಯುತ್ತದೆ. ರಕ್ತ ಬಂದರೆ ಮುಗಿಯುವ ಕಾಳಗ, ಬೆನ್ನು ನೆಲಕ್ಕೆ ತಾಗಿದರೆ ಮುಗಿಯುವ ನಾಡಕುಸ್ತಿ, ಅಂಕ ಎಣಿಸುವ ಮ್ಯಾಟ್ ಕುಸ್ತಿ. ಮೂರು ಕಾಲದ ಆಟ ಒಂದೇ ಹಬ್ಬದಲ್ಲಿ ನೋಡಲು ಸಿಗುವ ಊರು ಇನ್ನೊಂದು ನನಗೆ ಗೊತ್ತಿಲ್ಲ. ನೀವು ಬಸ್ಸು ಹತ್ತಿದರೆ ಅದೇ ದಿನ ನೋಡಿಕೊಂಡು ಬರುವಷ್ಟು ಹತ್ತಿರದಲ್ಲಿದೆ.

ನಾನು ಕಲಿತದ್ದೂ ಮೈಸೂರಿನ ಗರಡಿಯಲ್ಲೇ. ಒಳಗೆ ಬಗ್ಗಿ ಹೋಗಬೇಕು. ಹನುಮಂತನ ಪಟ, ಗೋಡೆಗೆ ಒರಗಿಸಿದ ಗದೆಗಳು, ನಡುವೆ ಮಟ್ಟಿ. ಮಟ್ಟಿ ಅಂದರೆ ಕುಸ್ತಿ ಆಡುವ ಕೆಮ್ಮಣ್ಣಿನ ಅಂಕಣ. ಆ ಮಣ್ಣಿಗೆ ಎಣ್ಣೆ, ಅರಿಶಿನ, ನಿಂಬೆರಸ ಸೇರಿಸಿ ಹದ ಮಾಡುತ್ತಾರೆ. ಹುಡುಗರೇ ಗುದ್ದಲಿ ಹಿಡಿದು ಅಗೆದು, ಕಾಲಿನಿಂದ ತುಳಿದು ಮೆತ್ತಗೆ ಮಾಡಬೇಕು. ದಂಡೆ, ಬಸ್ಕಿ ಹೊಡೆಯುವ ಮೊದಲೇ ಅರ್ಧ ಸಾಮು ಅಲ್ಲೇ ಆಗಿಬಿಡುತ್ತದೆ. ಮಣ್ಣು ಗಟ್ಟಿಯಾಗಿದ್ದರೆ ಬಿದ್ದವನಿಗೆ ಪೆಟ್ಟು. ಹಾಗಾಗಿ ಇವತ್ತು ನಿನ್ನನ್ನು ಎತ್ತಿ ಹಾಕುವವನೇ ನೀನು ಬೀಳುವ ಜಾಗವನ್ನು ಮೆತ್ತಗೆ ಮಾಡಿರುತ್ತಾನೆ.

ಈಗ ಒಲಿಂಪಿಕ್ಸ್‌ನಲ್ಲಿ ನಡೆಯುವ ಎರಡು ಶೈಲಿಗಳ ಕಥೆ. ಗ್ರೀಕೊ ರೋಮನ್ ಅನ್ನುವ ಹೆಸರು ಕೇಳಿದರೆ ಪುರಾತನದ್ದು ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ ಅದು 19ನೇ ಶತಮಾನದ ಫ್ರಾನ್ಸಿನದ್ದು. ನೆಪೋಲಿಯನ್ ಸೈನ್ಯದಲ್ಲಿದ್ದ ಜೀನ್ ಎಕ್ಸ್‌ಬ್ರಾಯಾ ಎಂಬ ಸೈನಿಕ ಊರೂರು ತಿರುಗಿ ಕುಸ್ತಿ ಪ್ರದರ್ಶನ ಮಾಡುತ್ತಿದ್ದ. ಸೊಂಟದಿಂದ ಕೆಳಗೆ ಹಿಡಿಯಬಾರದು, ನೋವು ಕೊಡುವ ಹಿಡಿತ ಬೇಡ ಅಂತ ನಿಯಮ ಮಾಡಿದ. ಪ್ರಾಚೀನ ಹೆಸರು ಅದಕ್ಕೆ ಆಮೇಲೆ ಅಂಟಿತು. ಫ್ರೀಸ್ಟೈಲ್‌ನ ಬೇರು ಇಂಗ್ಲೆಂಡಿನ ಲ್ಯಾಂಕಶೈರ್ ಕಡೆಯ ಕುಸ್ತಿಯಲ್ಲಿದೆ. ಅದರಲ್ಲಿ ಕಾಲೂ ಹಿಡಿಯಬಹುದು, ಕಾಲಿನಿಂದ ತೊಡರುಗಾಲೂ ಕೊಡಬಹುದು. ನಮ್ಮ ನಾಡಕುಸ್ತಿಗೆ ಹತ್ತಿರ ಇರುವುದು ಇದೇ.

ಸೊಂಟದಿಂದ ಕೆಳಗೆ ಮುಟ್ಟಬಾರದು ಅನ್ನುವುದು ವಿಚಿತ್ರ ಅನ್ನಿಸಿತಾ? ಕೊಡಗಿನವರಿಗೆ ಅನ್ನಿಸಬಾರದು. ಪುತ್ತರಿ ಹಬ್ಬಕ್ಕೆ ಮಂದ್‌ನಲ್ಲಿ, ಅಂದರೆ ಊರ ಮೈದಾನದಲ್ಲಿ, ಬೆತ್ತ ಹಿಡಿದು ಪರೆಯಕಳಿ ಆಡುತ್ತೀರಲ್ಲ, ಅಲ್ಲಿ ಬೆತ್ತದ ಏಟು ಮಂಡಿಯಿಂದ ಕೆಳಗೆ ಮಾತ್ರ ಬೀಳಬೇಕು. ಇಬ್ಬರು ಎದುರಾಬದುರಾ ನಿಂತಾಗ ಮೈಯ ಯಾವ ಭಾಗ ಆಟಕ್ಕೆ, ಯಾವುದು ಆಟಕ್ಕಲ್ಲ ಅಂತ ಗೆರೆ ಹಾಕುವುದು ನಿಮ್ಮ ಹಿರಿಯರಿಗೂ ಗೊತ್ತಿತ್ತು. ಇಂಥ ಗೆರೆ ಬಿದ್ದಾಗಲೇ ಜಗಳ ಆಟವಾಗುವುದು. ಗ್ರೀಕೊ ರೋಮನ್‌ನಲ್ಲಿ ಗೆರೆ ಸೊಂಟದ ಮೇಲಿದೆ, ಅಷ್ಟೇ.

1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಗೆ ಇದ್ದದ್ದು ಒಂದೇ ಸ್ಪರ್ಧೆ, ತೂಕದ ವಿಭಾಗವೂ ಇಲ್ಲ. ಜರ್ಮನಿಯ ಕಾರ್ಲ್ ಶೂಮನ್ ಕುಳ್ಳ ಆಳು, ಮೂಲತಃ ಜಿಮ್ನಾಸ್ಟ್. ಭಾರ ಎತ್ತುವುದರಲ್ಲಿ ಗೆದ್ದಿದ್ದ ದೈತ್ಯ ಲಾನ್ಸೆಸ್ಟನ್ ಎಲಿಯಟ್‌ನನ್ನು ಮೊದಲ ಸುತ್ತಿನಲ್ಲೇ ಕೆಡವಿದ. ಫೈನಲ್ ನಡೆಯುತ್ತಿದ್ದಾಗ ಕತ್ತಲಾಯಿತು. ಉಳಿದ ಪಂದ್ಯ ಮರುದಿನ ಆಡಿಸಿದರು. ಶೂಮನ್ ಗೆದ್ದ.

ಆದರೆ ಕಾಲಮಿತಿ ಯಾಕೆ ಬೇಕು ಅಂತ ಗೊತ್ತಾಗಬೇಕಾದರೆ 1912ರ ಸ್ಟಾಕ್‌ಹೋಮ್ ಕಥೆ ಕೇಳಬೇಕು. ಮಿಡಲ್‌ವೇಟ್ ಸೆಮಿಫೈನಲ್. ರಷ್ಯಾ ತಂಡದ ಮಾರ್ಟಿನ್ ಕ್ಲೈನ್, ಫಿನ್ಲೆಂಡಿನ ಆಲ್ಫ್ರೆಡ್ ಅಸಿಕೈನೆನ್. ಬಯಲಲ್ಲಿ, ಬಿಸಿಲಿನಲ್ಲಿ ಶುರುವಾದ ಪಂದ್ಯ 11 ಗಂಟೆ 40 ನಿಮಿಷ ನಡೆಯಿತು! ನಡುನಡುವೆ ಸಣ್ಣ ವಿರಾಮ, ಮತ್ತೆ ಹಿಡಿತ. ಕೊನೆಗೆ ಕ್ಲೈನ್ ಗೆದ್ದ. ಗೆದ್ದು ಏನು ಬಂತು? ಫೈನಲ್ ಆಡಲು ಮೈಯಲ್ಲಿ ಶಕ್ತಿಯೇ ಉಳಿದಿರಲಿಲ್ಲ. ಚಿನ್ನ ಸ್ವೀಡನ್ನಿನ ಕ್ಲೇಸ್ ಯೊಹಾನ್ಸನ್‌ಗೆ ಹೋಯಿತು. ಅದೇ ಕೂಟದಲ್ಲಿ ಇನ್ನೊಂದು ಫೈನಲ್ 9 ಗಂಟೆ ನಡೆದೂ ಯಾರೂ ಬೀಳಲಿಲ್ಲ. ಇಬ್ಬರಿಗೂ ಬೆಳ್ಳಿ ಕೊಟ್ಟು ಕಳಿಸಿದರು, ಚಿನ್ನ ಯಾರಿಗೂ ಇಲ್ಲ. ಇವತ್ತು ಹಿರಿಯರ ಪಂದ್ಯ 3 ನಿಮಿಷದ ಎರಡು ಅವಧಿ, ನಡುವೆ 30 ಸೆಕೆಂಡ್ ವಿರಾಮ. 17 ವರ್ಷದೊಳಗಿನವರಿಗೆ 2 ನಿಮಿಷದ ಎರಡು ಅವಧಿ. ಮಕ್ಕಳೇ, ಆರು ನಿಮಿಷ ಅಷ್ಟೇನಾ ಅನ್ನಬೇಡಿ. ಒಮ್ಮೆ ಆಡಿ ನೋಡಿ.

ಮಣ್ಣಿನಿಂದ ಮ್ಯಾಟ್‌ಗೆ ಹೋದ ನಮ್ಮವರಲ್ಲಿ ನಾನು ಕೈಮುಗಿಯುವುದು ಖಾಶಾಬಾ ಜಾಧವ್ ಅವರಿಗೆ. ಮಹಾರಾಷ್ಟ್ರದ ಕರಾಡ್ ಹತ್ತಿರದ ಗೋಳೇಶ್ವರದವರು. 1948ರ ಲಂಡನ್ ಒಲಿಂಪಿಕ್ಸ್ ತನಕ ಅವರ ಕುಸ್ತಿಯೆಲ್ಲ ಮಣ್ಣಿನಲ್ಲೇ. ಮ್ಯಾಟ್ ಹೊಸದು, ಅಂತಾರಾಷ್ಟ್ರೀಯ ನಿಯಮ ಹೊಸದು. ಆದರೂ 6ನೇ ಸ್ಥಾನ ಪಡೆದರು. 1952ರ ಹೆಲ್ಸಿಂಕಿಗೆ ಹೋಗಲು ದುಡ್ಡಿರಲಿಲ್ಲ. ಊರವರು ಚಂದಾ ಎತ್ತಿದರು. ಅವರು ಓದಿದ ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಪ್ರಿನ್ಸಿಪಾಲರು ಸ್ವಂತ ಮನೆ ಅಡವಿಟ್ಟು 7000 ರೂಪಾಯಿ ಕೊಟ್ಟರು. ಅಲ್ಲಿಂದ ಕಂಚು ತಂದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಆಟದಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದು. ಊರಿಗೆ ಎತ್ತಿನ ಗಾಡಿಗಳ ಮೆರವಣಿಗೆಯಲ್ಲಿ ಕರೆದುಕೊಂಡು ಹೋದರು. ಕುಸ್ತಿಯಲ್ಲಿ ಮುಂದಿನ ಪದಕಕ್ಕೆ ದೇಶ 2008ರ ತನಕ, 56 ವರ್ಷ ಕಾಯಬೇಕಾಯಿತು. ಮಣ್ಣಿನಲ್ಲಿ ನಮಗೆ ಪೈಲ್ವಾನರ ಕೊರತೆ ಇರಲಿಲ್ಲ. ಮ್ಯಾಟ್ ಊರೂರಿಗೆ ತಲುಪಲಿಲ್ಲ, ನಿಯಮ ಹೇಳಿಕೊಡುವವರು ಸಿಗಲಿಲ್ಲ. ಕುಶಾಲನಗರದಲ್ಲಿ ನಿಂತು ನಿಯಮದ ಬಗ್ಗೆ ಇಷ್ಟು ಮಾತಾಡುತ್ತಿರುವುದು ಅದಕ್ಕೇ.

ಈಗ ನಿಯಮ.

ಮ್ಯಾಟ್ ಮೇಲೆ 9 ಮೀಟರ್ ವ್ಯಾಸದ ವೃತ್ತ. ಅದರ ಅಂಚಿನ ಒಳಗೆ 1 ಮೀಟರ್ ಅಗಲದ ಬೇರೆ ಬಣ್ಣದ ಪಟ್ಟಿ. ಅದು ನೀನು ಅಂಚಿಗೆ ಬಂದಿದ್ದೀಯ ಅಂತ ಎಚ್ಚರಿಸುವುದಕ್ಕೆ. ಮೂವರು ಅಧಿಕಾರಿಗಳು: ಮ್ಯಾಟ್ ಮೇಲೆ ರೆಫರಿ, ಬದಿಯಲ್ಲಿ ಜಡ್ಜ್, ಮೇಜಿನ ಹಿಂದೆ ಮ್ಯಾಟ್ ಚೇರ್ಮನ್. ಒಬ್ಬರ ಮಾತೇ ಅಂತಿಮವಲ್ಲ, ಮೂವರಲ್ಲಿ ಇಬ್ಬರು ಒಪ್ಪಬೇಕು.

ಗೆಲ್ಲುವ ದೊಡ್ಡ ದಾರಿ ಚಿತ್ ಮಾಡುವುದು. ಎದುರಾಳಿಯ ಎರಡೂ ಭುಜಗಳನ್ನು ಒಟ್ಟಿಗೆ ಮ್ಯಾಟ್‌ಗೆ ಒತ್ತಿ, ರೆಫರಿಗೆ ಖಾತ್ರಿಯಾಗುವಷ್ಟು ಹೊತ್ತು ಹಿಡಿಯಬೇಕು. ಆಗ ಅಂಕ ಎಷ್ಟೇ ಇರಲಿ, ಪಂದ್ಯ ಅಲ್ಲಿಗೇ ಮುಗಿಯಿತು. 0–9ರಲ್ಲಿ ಸೋಲುತ್ತಿದ್ದವನೂ ಚಿತ್ ಮಾಡಿದರೆ ಗೆದ್ದ. ‘ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಅಂತೇವಲ್ಲ, ಆ ಗಾದೆ ಮಾಡಿದವರಿಗೆ ಕುಸ್ತಿ ಚೆನ್ನಾಗಿ ಗೊತ್ತಿತ್ತು. ಅಂಗಾತ ಬಿದ್ದವನ ಮೀಸೆ ಮಣ್ಣಾಗುವುದೇ ಇಲ್ಲ, ಬೆನ್ನು ಮಣ್ಣಾಗುತ್ತದೆ. ಸೋತದ್ದು ಅದಕ್ಕೆ. ಬೋರಲು ಬಿದ್ದವನು ಇನ್ನೂ ಸೋತಿಲ್ಲ.

ರೆಫರಿ ಆ ಕ್ಷಣವನ್ನು ಹೇಗೆ ನೋಡುತ್ತಾನೆ ಅಂತ ಗಮನಿಸಿ. ನಾನೂ ಆ ಕೆಲಸ ಮಾಡಿದ್ದೇನೆ. ಕೆಳಗಿರುವವನು ಕುತ್ತಿಗೆ, ಕಾಲಿನ ಬಲದಲ್ಲಿ ಮೈಯನ್ನು ಕಮಾನಿನ ಹಾಗೆ ಎತ್ತಿರುತ್ತಾನೆ. ನಿಂತು ನೋಡಿದರೆ ಏನೂ ಕಾಣುವುದಿಲ್ಲ. ನಾವೂ ಹೊಟ್ಟೆ ಅಡಿ ಮಾಡಿ ಮ್ಯಾಟ್ ಮೇಲೆ ಮಲಗುತ್ತೇವೆ. ಕೆನ್ನೆ ಮ್ಯಾಟ್‌ಗೆ ತಾಗುವಷ್ಟು ಕೆಳಗೆ. ಭುಜಕ್ಕೂ ಮ್ಯಾಟ್‌ಗೂ ನಡುವೆ ಬೆಳಕಿನ ಗೆರೆ ಕಾಣುತ್ತಾ ಅಂತ ನೋಡಬೇಕು. ಒಂದು ಭುಜ ತಾಗಿದೆ, ಇನ್ನೊಂದರ ಕೆಳಗೆ ಬೆರಳು ತೂರುವಷ್ಟು ಸಂದು. ಕೆಳಗಿರುವವನ ಉಸಿರು ಮುಖಕ್ಕೆ ಬಡಿಯುತ್ತಿರುತ್ತದೆ. ಸಂದು ಮುಚ್ಚಿತು, ಎರಡೂ ಭುಜ ಅಲುಗಾಡದೆ ನಿಂತವು. ಜಡ್ಜ್ ಅಥವಾ ಚೇರ್ಮನ್ ಕೈ ಎತ್ತಿ ಒಪ್ಪಿದರು. ಆಗ ಅಂಗೈಯಿಂದ ಮ್ಯಾಟ್‌ಗೆ ಒಂದು ಏಟು, ವಿಷಲ್. ಸದ್ದು ಕೇಳಿದ ಕೂಡಲೇ ಮೇಲಿನವನು ಕೈ ಬಿಡುತ್ತಾನೆ.

ಚಿತ್ ಆಗದಿದ್ದರೆ ಅಂಕದ ಲೆಕ್ಕ. ನಿಂತವನನ್ನು ನೆಲಕ್ಕೆ ತಂದು, ಹಿಂದೆ ಸೇರಿ ಹಿಡಿತ ಸಾಧಿಸಿದರೆ 2 ಅಂಕ. ಸುಮ್ನೆ ತಳ್ಳಿ ಬೀಳಿಸಿದರೆ ಸಾಲದು. ಎದುರಾಳಿಯ ಎರಡು ಮಂಡಿ, ಒಂದು ಕೈ ಹೀಗೆ ಮೂರು ಕಡೆ ನೆಲ ಮುಟ್ಟಿರಬೇಕು, ನೀನು ಮೇಲಿರಬೇಕು. ನೆಲದಲ್ಲಿರುವವನ ಸೊಂಟ ಸುತ್ತಿ ಉರುಳಿಸಿ ಬೆನ್ನನ್ನು ನೆಲದ ಕಡೆ ತಿರುಗಿಸಿದರೆ ಮತ್ತೆ 2. ನಿಂತವನನ್ನು ನೇರವಾಗಿ ಬೆನ್ನ ಮೇಲೆ ಬೀಳುವ ಹಾಗೆ ಎಸೆದರೆ 4. ದೊಡ್ಡ ಕಮಾನಿನಲ್ಲಿ ಎತ್ತಿ ಎಸೆದರೆ 5. ಕೆಳಗಿದ್ದವನು ತಿರುಗಿ ಮೇಲೆ ಬಂದರೆ 1. ಎದುರಾಳಿ ವೃತ್ತದ ಹೊರಗೆ ಪೂರ್ತಿ ಪಾದ ಇಟ್ಟರೆ ನಿನಗೆ 1. ಫ್ರೀಸ್ಟೈಲ್‌ನಲ್ಲಿ 10 ಅಂಕದ ಅಂತರ, ಗ್ರೀಕೊ ರೋಮನ್‌ನಲ್ಲಿ 8 ಅಂಕದ ಅಂತರ ಬಿದ್ದರೆ ಪಂದ್ಯ ನಿಲ್ಲಿಸುತ್ತಾರೆ.

ಈ ಅಂಕಗಳನ್ನು ಬಾಯಿಪಾಠ ಮಾಡಬೇಡಿ. ಒಂದೇ ತರ್ಕ. ಎದುರಾಳಿಯ ಬೆನ್ನು ನೆಲಕ್ಕೆ ಎಷ್ಟು ಹತ್ತಿರ ಹೋಯಿತು, ಎಷ್ಟು ಬೇಗ ಹೋಯಿತು ಅನ್ನುವುದಕ್ಕೆ ತಕ್ಕ ಹಾಗೆ ಅಂಕ ಏರುತ್ತದೆ. ಚಿತ್ ಆಗುವ ದಾರಿಯಲ್ಲಿ ಎಷ್ಟು ಮೆಟ್ಟಿಲು ಹತ್ತಿಸಿದೆ ಅಂತ ಲೆಕ್ಕ.

ಸುಮ್ನೆ ತಪ್ಪಿಸಿಕೊಂಡು ಓಡಾಡುವುದಕ್ಕೂ ಅವಕಾಶ ಇಲ್ಲ. ಫ್ರೀಸ್ಟೈಲ್‌ನಲ್ಲಿ ಮೊದಲು ಬಾಯಿಮಾತಿನ ಎಚ್ಚರಿಕೆ. ಮತ್ತೆ ಹಾಗೇ ಮಾಡಿದರೆ 30 ಸೆಕೆಂಡ್ ಗಡುವು. ಅಷ್ಟರಲ್ಲಿ ಯಾರೂ ಅಂಕ ಗಳಿಸದಿದ್ದರೆ ಎದುರಾಳಿಗೆ 1. ಅಂಕ ಸಮವಾಗಿ ಮುಗಿದರೆ ಯಾರು ದೊಡ್ಡ ಅಂಕದ ಪಟ್ಟು ಹಾಕಿದ್ದಾರೆ ಅಂತ ನೋಡುತ್ತಾರೆ. ಅದೂ ಸಮವಾದರೆ ಯಾರಿಗೆ ಎಚ್ಚರಿಕೆ ಕಮ್ಮಿ, ಆಮೇಲೆ ಕೊನೆಯ ಅಂಕ ಯಾರದ್ದು ಅಂತ.

ಮಾಡಬಾರದ್ದರ ಪಟ್ಟಿಯನ್ನು ಪೋಷಕರು ಗಮನವಿಟ್ಟು ಕೇಳಿ. ಕೂದಲು, ಕಿವಿ ಎಳೆಯುವಂತಿಲ್ಲ. ಕಚ್ಚುವುದು, ಚಿವುಟುವುದು ಇಲ್ಲ. ಕತ್ತು ಹಿಸುಕುವಂತಿಲ್ಲ. ತೋಳನ್ನು 90 ಡಿಗ್ರಿಗಿಂತ ಜಾಸ್ತಿ ಹಿಂದಕ್ಕೆ ತಿರುಚುವಂತಿಲ್ಲ. ಎರಡೂ ಕೈಯಿಂದ ತಲೆಯನ್ನು ಮಾತ್ರ ಲಾಕ್ ಮಾಡುವಂತಿಲ್ಲ, ಆ ಹಿಡಿತದೊಳಗೆ ಎದುರಾಳಿಯ ಒಂದು ತೋಳೂ ಇರಬೇಕು. ತೋಳು ಸೇರಿದರೆ ಕುತ್ತಿಗೆಯ ಮೇಲೆ ಬೀಳುವ ಒತ್ತಡ ಕಮ್ಮಿಯಾಗುತ್ತದೆ. ಕಾಲು ಕತ್ತರಿ ಹಾಕಿ ತಲೆ, ಕುತ್ತಿಗೆ, ಸೊಂಟ ಒತ್ತುವಂತಿಲ್ಲ. ಉಡುಪು ಹಿಡಿಯುವಂತಿಲ್ಲ. ಉಗುರು ಕತ್ತರಿಸಿರಬೇಕು.

ಕೋಚ್‌ಗೆ ತೀರ್ಪು ಸರಿಯಿಲ್ಲ ಅನ್ನಿಸಿದರೆ ಚಾಲೆಂಜ್ ಇದೆ. ಮೆತ್ತನೆಯ ಸ್ಪಂಜ್ ತುಂಡನ್ನು ಮ್ಯಾಟ್ ಮೇಲೆ ಎಸೆಯುತ್ತಾರೆ. ವಿಡಿಯೋ ನೋಡುತ್ತಾರೆ. ಹಾಕಿಯಲ್ಲಿ ರೆಫರಲ್ ತಪ್ಪಾದರೆ ರೆಫರಲ್ ಕಳೆದುಕೊಳ್ಳುತ್ತೀರಿ, ಅಷ್ಟೇ. ಕುಸ್ತಿಯಲ್ಲಿ ಅದರ ಜೊತೆಗೆ ಎದುರಾಳಿಗೆ 1 ಅಂಕ ಬೇರೆ ಹೋಗುತ್ತದೆ. 2016ರ ರಿಯೋದಲ್ಲಿ ಸಾಕ್ಷಿ ಮಲಿಕ್ ಅವರ ಕಂಚಿನ ಪಂದ್ಯ ನೆನಪಿಸಿಕೊಳ್ಳಿ. 58 ಕೆ.ಜಿ. ವಿಭಾಗ, ಎದುರಿಗೆ ಕಿರ್ಗಿಸ್ತಾನದ ಐಸುಲು ಟಿನಿಬೆಕೊವಾ. ಮೊದಲ ಅವಧಿಯ ಕೊನೆಗೆ ಸಾಕ್ಷಿ 0–5 ಹಿಂದೆ. ಎರಡನೇ ಅವಧಿಯಲ್ಲಿ ಸಮ ಮಾಡಿದರು. ಗಡಿಯಾರದಲ್ಲಿ ಕೆಲವೇ ಸೆಕೆಂಡ್ ಇದ್ದಾಗ ಇನ್ನೊಂದು 2 ಅಂಕ, 7–5. ಎದುರಾಳಿಯ ಕಡೆಯವರು ಚಾಲೆಂಜ್ ಹಾಕಿದರು. ಅದು ಬಿದ್ದುಹೋಯಿತು, ಸ್ಕೋರು 8–5 ಆಯಿತು. ಸ್ಕೋರ್‌ಬೋರ್ಡಿನ ಆ ಎಂಟನೇ ಅಂಕ ಎಲ್ಲಿಂದ ಬಂತು ಅಂತ ಅವತ್ತು ಎಷ್ಟೋ ಮನೆಗಳಲ್ಲಿ ತಲೆ ಕೆರೆದುಕೊಂಡರು. ಇನ್ನು ಮೇಲೆ ನೀವು ಕೆರೆದುಕೊಳ್ಳಬೇಕಾಗಿಲ್ಲ.

ನಿಯಮ ಜನಕ್ಕೆ ಅರ್ಥವಾಗದಿದ್ದರೆ ಆಟ ಸಾಯುತ್ತದೆ. 2013ರ ಫೆಬ್ರವರಿಯಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಕಾರ್ಯಕಾರಿ ಮಂಡಳಿ 2020ರಿಂದ ಕುಸ್ತಿಯನ್ನು ಕೈಬಿಡಲು ಶಿಫಾರಸು ಮಾಡಿತು. ಆಗಿನ ಪದ್ಧತಿಯಲ್ಲಿ ಪ್ರತಿ ಅವಧಿಗೂ ಬೇರೆ ಬೇರೆ ಗೆಲುವು. ಫ್ರೀಸ್ಟೈಲ್‌ನಲ್ಲಿ ಯಾರೂ ಅಂಕ ಗಳಿಸದಿದ್ದರೆ ಚೀಲದಿಂದ ಬಣ್ಣದ ಚೆಂಡು ಎತ್ತಿ, ಎದುರಾಳಿಯ ಕಾಲು ಹಿಡಿದು ಶುರು ಮಾಡುವ ಅವಕಾಶ ಯಾರಿಗೆ ಅಂತ ತೀರ್ಮಾನ. ವರ್ಷಗಟ್ಟಲೆ ಬೆವರು ಸುರಿಸಿದವನ ಹಣೆಬರಹ ಒಂದು ಚೆಂಡಿನಲ್ಲಿ! ಶಿಫಾರಸಿನ ಬಿಸಿ ತಟ್ಟಿದ ಮೇಲೆ ಅಂತಾರಾಷ್ಟ್ರೀಯ ಕುಸ್ತಿ ಒಕ್ಕೂಟದ ಅಧ್ಯಕ್ಷರು ಬದಲಾದರು, ಒಟ್ಟು ಅಂಕದ ಈಗಿನ ಪದ್ಧತಿ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬ್ಯೂನಸ್ ಐರಿಸ್ ಸಭೆಯಲ್ಲಿ ಕುಸ್ತಿ ತನ್ನ ಜಾಗ ಉಳಿಸಿಕೊಂಡಿತು.

ಕೊನೆಯದು ತೂಕ. ಒಲಿಂಪಿಕ್ಸ್‌ನಲ್ಲಿ ಪುರುಷರ ಫ್ರೀಸ್ಟೈಲ್, ಗ್ರೀಕೊ ರೋಮನ್, ಮಹಿಳೆಯರ ಫ್ರೀಸ್ಟೈಲ್ ಮೂರಕ್ಕೂ ಆರಾರು ವಿಭಾಗ. ಶೂಮನ್ ಕಾಲದ ಹಾಗೆ ಕುಳ್ಳನನ್ನು ದೈತ್ಯನ ಎದುರು ನಿಲ್ಲಿಸಬಾರದು ಅಂತ ಬಂದ ಒಳ್ಳೆಯ ನಿಯಮ ಅದು. ಆದರೆ ಅದಕ್ಕೆ ಇನ್ನೊಂದು ಮುಖವೂ ಇದೆ. 2024ರ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 50 ಕೆ.ಜಿ. ವಿಭಾಗದಲ್ಲಿ ಜಪಾನಿನ ಯುಯಿ ಸುಸಾಕಿಯನ್ನು ಸೋಲಿಸಿ ಫೈನಲ್ ತಲುಪಿದರು. ಮರುದಿನ ಬೆಳಗ್ಗೆ ತೂಕದಲ್ಲಿ 100 ಗ್ರಾಂ ಜಾಸ್ತಿ. ಅನರ್ಹ. ರಾತ್ರಿಯಿಡೀ ನೀರಿಲ್ಲದೆ ಬೆವರಿಳಿಸಿದ ಆ ಹೆಣ್ಣುಮಗಳ ಸಂಕಟ ನೋಡಿ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ನಿಯಮ ಎಲ್ಲರಿಗೂ ಒಂದೇ, ಒಪ್ಪುತ್ತೇನೆ. ಆದರೆ ಎರಡನೇ ದಿನ ಸ್ವಲ್ಪ ರಿಯಾಯಿತಿ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೈ ಕಾಪಾಡಲು ಬಂದ ನಿಯಮ ಮೈಯನ್ನೇ ಹಿಂಡುವ ಹಾಗೆ ಆಗಬಾರದು. ಇಲ್ಲಿರುವ ಪಿ.ಇ. ಮೇಷ್ಟ್ರುಗಳಿಗೆ ಒಂದು ಕೋರಿಕೆ: ಬೆಳೆಯುವ ಮಕ್ಕಳನ್ನು ಕೆಳಗಿನ ವಿಭಾಗದಲ್ಲಿ ಆಡಿಸಬೇಕೆಂದು ದಯವಿಟ್ಟು ಉಪವಾಸ ಕೆಡವಬೇಡಿ. ಮಗು ಎಷ್ಟು ತೂಗುತ್ತದೋ ಆ ವಿಭಾಗದಲ್ಲೇ ಆಡಲಿ.

ಕೊಡಗಿನಲ್ಲಿ ಕುಸ್ತಿ ಬೆಳೆಯುತ್ತಾ ಅಂತ ಕೆಲವರು ಕೇಳಿದ್ದರು. ಯಾಕೆ ಬೆಳೆಯಬಾರದು? ಏರು ಹತ್ತಿ ಇಳಿದು ಶಾಲೆಗೆ ಬರುವ ಮಕ್ಕಳ ಕಾಲಲ್ಲಿ ಬಲ ಇದೆ. ಸೈನ್ಯಕ್ಕೆ ಸೇರುವ ಆಸೆ ಮನೆಮನೆಯಲ್ಲಿದೆ, ರಾಷ್ಟ್ರೀಯ ಕುಸ್ತಿಯಲ್ಲಿ ಸೇನಾಪಡೆಗಳವರ ಸರ್ವಿಸಸ್ ಬಲವಾದ ತಂಡ. ನಮ್ಮ ರಾಜ್ಯದ ಅರ್ಜುನ್ ಹಲಕುರ್ಕಿ 2020ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಗ್ರೀಕೊ ರೋಮನ್ 55 ಕೆ.ಜಿ. ಕಂಚು ತಂದಿದ್ದಾರೆ. ಬೇಕಿರುವುದು ಒಂದು ಮ್ಯಾಟ್, ಸೋರದ ಒಂದು ಸೂರು, ಕಲಿಸುವ ಒಬ್ಬರು.

ಆಮೇಲೆ ಬಂದ ಪ್ರಶ್ನೆಗಳು.

ಒಬ್ಬ ತಾಯಿ ಕೇಳಿದರು: “ಸರ್, ಕುಸ್ತಿ ಆಡಿದರೆ ಕಿವಿ ಊದಿ ಮುದುಡಿಹೋಗುತ್ತದಂತೆ, ಹೌದಾ?”

ಹೌದು ಅಕ್ಕ, ಆಗಬಹುದು. ಕಿವಿ ಪದೇಪದೇ ಉಜ್ಜಿದಾಗ ಚರ್ಮಕ್ಕೂ ಒಳಗಿನ ಮೆದು ಎಲುಬಿಗೂ ನಡುವೆ ರಕ್ತ ತುಂಬುತ್ತದೆ. ಹಾಗೇ ಬಿಟ್ಟರೆ ಅದು ಗಟ್ಟಿಯಾಗಿ ಕಿವಿಯ ಆಕಾರ ಕೆಡುತ್ತದೆ. ಊತ ಕಂಡ ಕೂಡಲೇ ಡಾಕ್ಟರಿಗೆ ತೋರಿಸಿದರೆ ರಕ್ತ ತೆಗೆದು ಪಟ್ಟಿ ಹಾಕುತ್ತಾರೆ. ಅಭ್ಯಾಸದಲ್ಲಿ ಕಿವಿ ಮುಚ್ಚುವ ಹೆಡ್‌ಗಿಯರ್ ಹಾಕಿಸಿ. ಕೆಲವು ಹುಡುಗರು ಮುದುಡಿದ ಕಿವಿಯನ್ನು ಹೆಮ್ಮೆ ಅಂದುಕೊಳ್ಳುತ್ತಾರೆ. ಅದನ್ನು ಪ್ರೋತ್ಸಾಹಿಸಬೇಡಿ.

ಹೈಸ್ಕೂಲಿನ ಒಬ್ಬ ಹುಡುಗಿ ಕೇಳಿದಳು, ಹುಡುಗಿಯರಿಗೆ ಬೇರೆ ನಿಯಮ ಇದೆಯಾ ಅಂತ.

ಬಹುತೇಕ ಒಂದೇ ಪುಟ್ಟಿ. ಮಹಿಳೆಯರ ವಿಶ್ವ ಚಾಂಪಿಯನ್‌ಶಿಪ್ 1987ರಲ್ಲಿ ಶುರುವಾಯಿತು, ಒಲಿಂಪಿಕ್ಸ್‌ಗೆ 2004ರಲ್ಲಿ ಬಂತು. ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳಿಗೆ ಇರುವುದು ಫ್ರೀಸ್ಟೈಲ್ ಮಾತ್ರ. ಎರಡೂ ಕಂಕುಳಿನ ಕೆಳಗಿಂದ ಕೈ ತೂರಿಸಿ ಕತ್ತಿನ ಹಿಂದೆ ಬೆಸೆದು ಒತ್ತುವ ಡಬಲ್ ನೆಲ್ಸನ್ ನಿಮ್ಮ ಕುಸ್ತಿಯಲ್ಲಿ ನಿಷಿದ್ಧ. ಪಂದ್ಯ ಹುಡುಗಿಯರ ಜೊತೆಗೇ. ಗೀತಾ ಫೋಗಟ್ 2010ರ ದೆಹಲಿ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಮೇಲೆ ನಮ್ಮ ದೇಶದಲ್ಲಿ ಹುಡುಗಿಯರ ದಾರಿ ಎಷ್ಟೋ ಸಲೀಸಾಗಿದೆ.

ಒಬ್ಬ ಮೇಷ್ಟ್ರು ಕೇಳಿದ್ದು ಕೊಡಗಿನವರೇ ಕೇಳಬೇಕಾದ ಪ್ರಶ್ನೆ: “ನಮ್ಮ ಮಳೆಗಾಲದಲ್ಲಿ ಮ್ಯಾಟ್ ಉಳಿಯುತ್ತಾ?”

ನೋಡಿಕೊಂಡರೆ ಉಳಿಯುತ್ತದೆ ಮೇಷ್ಟ್ರೇ. ಮಟ್ಟಿಯಾದರೆ ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕೆಸರೇ. ಹಾಗಾಗಿ ನಿಮಗೆ ಮ್ಯಾಟ್ ಒಳ್ಳೆಯದು. ನೆಲಕ್ಕೆ ನೇರ ಹಾಸಬೇಡಿ, ಕೆಳಗೆ ಹಲಗೆ ಕೊಡಿ. ವಾರಕ್ಕೊಮ್ಮೆ ಎತ್ತಿ ನಿಲ್ಲಿಸಿ ಗಾಳಿಯಾಡಿಸಿ, ಇಲ್ಲದಿದ್ದರೆ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ದಿನಾ ಅಭ್ಯಾಸದ ಮೊದಲು, ಆಮೇಲೆ ಕ್ರಿಮಿನಾಶಕ ಹಾಕಿ ಒರೆಸಿ, ಪೂರ್ತಿ ಒಣಗಿದ ಮೇಲೆ ಮಕ್ಕಳನ್ನು ಬಿಡಿ. ಹೊರಗೆ ಹಾಕಿದ ಶೂ ಮ್ಯಾಟ್ ಮೇಲೆ ಬೇಡ. ಮಳೆಗಾಲದಲ್ಲಿ ಒದ್ದೆ ಬಟ್ಟೆಯಿಂದ ಗಜಕರ್ಣ ಬರುತ್ತದೆ, ಒಬ್ಬರಿಂದ ಇನ್ನೊಬ್ಬರಿಗೆ ಹಬ್ಬಲು ಮ್ಯಾಟ್ ಒಂದು ಸಾಕು. ಆಡಿದ ಬಟ್ಟೆ ಅವತ್ತೇ ಒಗೆಯಬೇಕು, ಟವೆಲ್ ಹಂಚಿಕೊಳ್ಳಬಾರದು. ಗಜಕರ್ಣ ಕಂಡ ಮಗುವನ್ನು ವಾಸಿಯಾಗುವ ತನಕ ಮ್ಯಾಟ್ ಹತ್ತಿಸಬೇಡಿ. ಸ್ಪರ್ಧೆಯ ದಿನ ವೈದ್ಯರು ಚರ್ಮ ನೋಡುತ್ತಾರೆ, ಕಂಡರೆ ಅಲ್ಲಿಂದಲೇ ವಾಪಸ್ ಕಳಿಸುತ್ತಾರೆ.